ಠಾಣೆಗೆ ಹತ್ತಕ್ಕೆ ಎರಡು

ನನ್ನ ಗಂಡ ಈವರೆಗೆ ಯಾರಿಗೂ ಪೂರ್ತಿ ಅಂಕ ಕೊಟ್ಟವರಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಉತ್ತರ ಸರಿಯಿದ್ದರೆ ಹಂತ ಬಿಟ್ಟಿದ್ದೀಯ ಎಂದು ಅರ್ಧ ಕಳೆಯುತ್ತಾರೆ. ಹಂತವೂ ಸರಿಯಿದ್ದರೆ ಅಂಚಿನ ಗೆರೆ ಸೊಟ್ಟಗಿದೆ ಎಂದು ಅರ್ಧ ಕಳೆಯುತ್ತಾರೆ. ಮಕ್ಕಳು ಇಟ್ಟ ಹೆಸರು ಅರ್ಧಮಾರ್ಕಿನ ಮೇಷ್ಟ್ರು. ಅವರು ಅದನ್ನು ಬಿರುದು ಎಂದೇ ತಿಳಿದುಕೊಂಡಿದ್ದಾರೆ.

ಶಾಲೆ ಬಿಟ್ಟ ಮೇಲೂ ಮೌಲ್ಯಮಾಪನ ನಿಲ್ಲುವುದಿಲ್ಲ. ಕ್ಷೌರದಂಗಡಿಯವನಿಗೆ ಐದು. ಹಾಲಿನವನಿಗೆ ಮೂರೂವರೆ. ಮದುವೆಯಾದ ಮಾರನೆಯ ದಿನ ನನ್ನ ಅಡುಗೆಗೆ ಆರೂವರೆ ಬಂದಿತ್ತು. ಹೊಸಬಳು, ಮುಂದೆ ಏರುತ್ತದೆ ಅಂದುಕೊಂಡೆ. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದಳು. ಆರೂವರೆ ಮಾತ್ರ ಆರೂವರೆಯಾಗಿಯೇ ಇದೆ. ಒಮ್ಮೆ ನಾನು ಜ್ವರದಲ್ಲಿ ಮಲಗಿದ್ದಾಗ ಅವರೇ ಅಡುಗೆ ಮಾಡಿದರು. ತಾವು ಮಾಡಿದ್ದಕ್ಕೆ ತಾವೇ ಮೂರು ಕೊಟ್ಟುಕೊಂಡರು. ಅಂದಿನಿಂದ ಅವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸಿಲ್ಲ.

ಇಂಥವರ ಮನೆಯ ಗೇಟು ಕಳುವಾಯಿತು.

ಕಳುವಾದದ್ದರಲ್ಲಿ ಗೇಟಿನ ತಪ್ಪೇನೂ ಇರಲಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಏನಾದರೂ ಸಾಧಿಸಬೇಕು ಎಂದು ಇವರು ಅದನ್ನು ತಿರುಗಣಿಯಿಂದ ಎತ್ತಿ ಬಿಚ್ಚಿ, ಎರಡೂ ಬದಿಗೆ ಹಸಿರು ಬಣ್ಣ ಬಳಿದರು. ಒಳಗಿಟ್ಟರೆ ನನ್ನ ಹೂವಿನ ಗಿಡಗಳ ಮೇಲೆ ಹನಿಯುತ್ತದೆ ಎಂದು ಹೊರಗೆ, ರಸ್ತೆಯ ಬದಿಗೆ, ಕಾಂಪೌಂಡಿಗೆ ಒರಗಿಸಿದರು. ಒಂದು ರಟ್ಟಿನ ಮೇಲೆ 'ಬಣ್ಣ ಹಸಿಯಾಗಿದೆ, ಮುಟ್ಟಬಾರದು' ಎಂದು ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆದು, ದಾರದಲ್ಲಿ ಕಟ್ಟಿದರು.

ಬೆಳಿಗ್ಗೆ ಎದ್ದು ನೋಡಿದರೆ ಗೇಟೂ ಇಲ್ಲ, ರಟ್ಟೂ ಇಲ್ಲ.

"ಓದು ಬಾರದವನು," ಎಂದರು ಇವರು.

"ಕಳ್ಳರಿಗೆ ಓದು ಬಂದಿದ್ರೆ ವಾಪಸ್ ಹೋಗ್ತಿದ್ರಾ?" ಎಂದೆ.

"ಕನಿಷ್ಠ ಒಣಗೋವರೆಗೆ ಕಾಯ್ತಿದ್ದ."

ಠಾಣೆಗೆ ಹೊರಟರು. ಒಬ್ಬರನ್ನೇ ಕಳಿಸಿದರೆ ಅಲ್ಲಿಯ ಗೋಡೆ ಗಡಿಯಾರ ಎಷ್ಟು ಹಿಂದಿದೆ ಎಂದು ನೋಡಿಕೊಂಡು, ಬಂದ ಕೆಲಸ ಮರೆತು ಬರುತ್ತಾರೆ ಎಂದು ನಾನೂ ಜೊತೆಗೆ ಹೊರಟೆ. ಹೊರಡುವಾಗ ಇವರು ಅಭ್ಯಾಸಬಲದಿಂದ ಹಿಂದೆ ತಿರುಗಿ, ಇಲ್ಲದ ಗೇಟನ್ನು ಎಳೆದು, ಇಲ್ಲದ ಚಿಲಕ ಹಾಕಿದರು. ಎದುರುಮನೆ ಅಜ್ಜಿ ತಮ್ಮ ಕಿಟಕಿಯಲ್ಲಿ ಕೂತು ಇದನ್ನು ನೋಡಿದರು. ಆ ಅಜ್ಜಿಯ ಕಣ್ಣು ತಪ್ಪಿಸಿ ನಮ್ಮ ಬೀದಿಯಲ್ಲಿ ಬೆಕ್ಕೂ ಮರಿ ಹಾಕುವುದಿಲ್ಲ. ಆದರೆ ಅವತ್ತು ಯಾಕೋ "ಏನಾಯ್ತು" ಎಂದು ಕೇಳದೆ ಪರದೆ ಎಳೆದುಕೊಂಡರು.

ಠಾಣೆಯ ಜಗಲಿಯ ಬೆಂಚಿನಲ್ಲಿ ಇಸ್ತ್ರಿಯಾಕೆ ಕೂತಿದ್ದಳು. ನಮ್ಮ ಬೀದಿಯ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಹಾಕುವವಳು. ನಾನು ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಲಂಗದ ನೆರಿಗೆ ಕೂರಿಸಲು ಅವಳ ಕೈಯೇ ಬೇಕು.

"ನೀನೇನೆ ಇಲ್ಲಿ?"

"ಬೆಳಕು ಹರಿಯೋ ಮುಂಚೆ ಪೊಲೀಸಿನವರು ಲಾರಿ ತಂದು ನನ್ನ ಗಾಡಿ ಎತ್ಕೊಂಡು ಹೋದ್ರಂತೆ ಅಕ್ಕಾ. ರಸ್ತೆಗೆ ಅಡ್ಡ ಅಂತ. ಇಸ್ತ್ರಿ ಪೆಟ್ಟಿಗೆ ಅದರ ಗೂಡಲ್ಲೇ ಇತ್ತು. ನಿಮ್ಮ ಲಂಗಾನೂ ಅದರಲ್ಲೇ."

"ಬರೆಸ್ದೆಯಾ?"

"ಬರೆಸೋದೇನು, ಸಾಹೇಬ್ರಿಲ್ಲ, ನಾಳೆ ಬಾ ಅಂದ್ರು. ನಾಳೆವರೆಗೆ ಇಲ್ಲೇ ಕೂರ್ತೀನಿ, ನಾನೇನು ಕಚೇರಿಗೆ ಹೋಗ್ಬೇಕಾ?"

ಅವಳು ಅಲ್ಲಿ ಕೂರಲು ಇನ್ನೊಂದು ಕಾರಣ ನನಗೆ ಗೊತ್ತಿತ್ತು. ಆ ಗಾಡಿ ಬಿಟ್ಟರೆ ಅವಳಿಗೆ ಬೇರೆ ಅನ್ನವಿಲ್ಲ. ಗಂಡ ಎಂಬುವನು ಇದ್ದಾನೆ, ಆದರೆ ಅವನಿದ್ದಾನೆ ಎಂಬುದು ಅವನ ಹಸಿವಿನಿಂದ ಮಾತ್ರ ತಿಳಿಯುತ್ತದೆ.

ಒಳಗೆ ಒಬ್ಬ ತೆಳ್ಳನೆಯ ಪೇದೆ ಮೇಜಿನ ಹಿಂದೆ ಕೂತಿದ್ದ. ಬರೆಯಬೇಕಾಗುತ್ತದೆ ಎಂಬ ಸುಳಿವು ಸಿಕ್ಕಿದ ಕೂಡಲೇ ಅವನ ಮುಖ ಇನ್ನಷ್ಟು ತೆಳ್ಳಗಾಯಿತು.

"ಗೇಟು ಕಳುವಾದಾಗ ಹಾಕಿತ್ತಾ, ತೆಗೆದಿತ್ತಾ?"

"ಬಿಚ್ಚಿತ್ತು."

"ಕಳ್ಳ ಗೇಟು ದಾಟಿ ಒಳಗೆ ಬಂದಿದ್ದಾನಾ?"

"ಒಳಗೆ ಬರೋ ಪ್ರಶ್ನೇನೇ ಇಲ್ಲ. ಗೇಟೇ ಹೊರಗಿತ್ತು."

ಪೇದೆ ಪೆನ್ನು ಕೆಳಗಿಟ್ಟ. "ಸರ್, ಗೇಟು ಹೊರಗಿದ್ರೆ ಅದು ಗೇಟು ಹೇಗಾಗುತ್ತೆ?"

ಇವರು ಬಿಡಲಿಲ್ಲ. ದೂರು ಬರೆಸಿಯೇ ಏಳುವುದು ಎಂದು ಕೂತರು. ಕೊನೆಗೆ ಬರೆದ. ದೂರಿಗೊಂದು ಸಂಖ್ಯೆ, ಅದರ ಪಕ್ಕ ನಮ್ಮ ಫೋನ್ ಸಂಖ್ಯೆ. ಏಳುವಾಗ ಇವರು ತನಿಖೆಗೆ ಸಹಾಯ ಮಾಡಿದರು: "ಬಣ್ಣ ಹಸಿ ಇತ್ತು. ಕೈ ಹಸಿರಾಗಿರೋನನ್ನ ಹುಡುಕಿ, ಕಳ್ಳ ಸಿಗ್ತಾನೆ."

ಪೇದೆ ಇವರ ಕೈ ನೋಡಿದ. ಮಣಿಕಟ್ಟಿನವರೆಗೂ ಹಸಿರು. ಇವರು ಕೈಯನ್ನು ಜೇಬಿಗೆ ಸೇರಿಸಿದರು. ಪೇದೆಯೂ ಯಾಕೋ ತನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ. ಹೊಲಿಯುವವಳ ಕಣ್ಣು ಮೊದಲು ಹೋಗುವುದು ತೋಳಿನ ಅಂಚಿಗೆ. ಅವನ ಖಾಕಿ ಅಂಗಿಯ ತೋಳಂಚಿನಲ್ಲಿ ಒಂದು ಕಲೆ ಇತ್ತು. ಹುಲ್ಲಿನದ್ದಿರಬೇಕು, ಒಗೆದರೂ ಹೋಗುವುದಿಲ್ಲ, ಪಾಪ, ಎಂದುಕೊಂಡೆ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಫೋನು ಬಂತು.

ಠಾಣೆಯಿಂದಲ್ಲ. ಮೇಲಿನ ಯಾವುದೋ ಕಚೇರಿಯಿಂದ ಒಬ್ಬ ಹುಡುಗಿ. ದೂರು ಕೊಟ್ಟವರಿಗೆಲ್ಲ ಫೋನ್ ಮಾಡಿ ಠಾಣೆಯ ಕೆಲಸಕ್ಕೆ ಅಂಕ ಕೇಳುವ ಹೊಸ ಕ್ರಮವಂತೆ. "ಹತ್ತಕ್ಕೆ ಎಷ್ಟು ಕೊಡ್ತೀರಿ ಸರ್?"

ನನ್ನ ಗಂಡ ಎದ್ದು ನಿಂತರು. ಅಂಗಿ ಸರಿಮಾಡಿಕೊಂಡರು. ಸರ್ಕಾರ ತಮ್ಮ ಯೋಗ್ಯತೆಯನ್ನು ತಡವಾಗಿಯಾದರೂ ಗುರುತಿಸಿತು ಎಂಬ ಕಳೆ ಮುಖದ ಮೇಲಿತ್ತು.

"ಪ್ರಶ್ನೆ ಎಷ್ಟು ಭಾಗ?"

"ಭಾಗ ಇಲ್ಲ ಸರ್. ಒಟ್ಟಾರೆ."

"ಒಟ್ಟಾರೆ ಅಂತ ಯಾವ ಪರೀಕ್ಷೇನೂ ಇಲ್ಲಮ್ಮ. ಬರ್ಕೋ. ಕೂರೋಕೆ ಕುರ್ಚಿ ಕೊಟ್ಟಿದ್ದಕ್ಕೆ ಒಂದು. ದೂರು ಬರ್ಕೊಂಡಿದ್ದಕ್ಕೆ ಒಂದು. ಅಕ್ಷರ ದುಂಡಗಿತ್ತು, ಅರ್ಧ. ತನಿಖೆ ಸೊನ್ನೆ. ಎರಡೂವರೆ."

"ಅರ್ಧ ಬರೋದಿಲ್ಲ ಸರ್. ಇಡಿ ಸಂಖ್ಯೆ ಮಾತ್ರ ಒತ್ತೋಕಾಗೋದು."

ಇವರಿಗೆ ಇದು ಆಘಾತ. ಅರ್ಧವೇ ಇಲ್ಲದ ಆಡಳಿತ ಹೇಗೆ ನಡೆಯುತ್ತದೆ ಎಂದು ಅವಳನ್ನು ಬಹಳ ಹೊತ್ತು ವಿಚಾರಿಸಿದರು. ಮೂರು ಕೊಟ್ಟರೆ ಕೃಪಾಂಕವಾಗುತ್ತದೆ, ಎರಡು ಕೊಟ್ಟರೆ ಅಕ್ಷರಕ್ಕೆ ಅನ್ಯಾಯವಾಗುತ್ತದೆ. ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು "ಎರಡು" ಎಂದರು. ಆ ರಾತ್ರಿ ಊಟ ಸೇರಲಿಲ್ಲ. ಅಕ್ಷರ ನಿಜವಾಗಿಯೂ ದುಂಡಗಿತ್ತು ಎನ್ನುತ್ತಲೇ ಇದ್ದರು.

ಮಾರನೆಯ ಬೆಳಿಗ್ಗೆ, ಗೇಟಿರಬೇಕಾದ ಜಾಗದಲ್ಲಿ ತೆಳ್ಳನೆಯ ಪೇದೆ ನಿಂತಿದ್ದ. ತಟ್ಟಲು ಗೇಟಿಲ್ಲದೆ ಗಾಳಿಯಲ್ಲಿ ಕೈ ಎತ್ತಿ ಹಿಡಿದಿದ್ದ.

"ಮೇಷ್ಟ್ರೆ, ಎರಡು ಕೊಟ್ಟುಬಿಟ್ರಲ್ಲ."

"ಎರಡೂವರೆ. ಅರ್ಧ ಅವರು ತಗೊಳ್ಳಲಿಲ್ಲ."

"ನಮ್ಮ ಠಾಣೆಗೆ ಈವರೆಗೆ ಎಲ್ಲರೂ ಹತ್ತಕ್ಕೆ ಹತ್ತೇ ಕೊಟ್ಟಿದ್ರು ಸರ್. ಎಲ್ಲರೂ."

ಇವರು ಕನ್ನಡಕ ತೆಗೆದರು. "ಎಲ್ಲರಿಗೂ ಹತ್ತಕ್ಕೆ ಹತ್ತು ಬಂದಿದ್ರೆ ಅಲ್ಲಿ ನಕಲು ನಡೆದಿದೆ ಅಂತ ಅರ್ಥ."

"ನಕಲಲ್ಲ ಸರ್, ಭಯ," ಎಂದ ಪೇದೆ. ಹೇಳಿದ ಮೇಲೆ ತಾನು ಹೇಳಿದ್ದು ಕೇಳಿಸಿ, ಬೀದಿಯ ಆಚೀಚೆ ನೋಡಿದ.

ವಿಷಯ ಇಷ್ಟು: ನಮ್ಮ ಎರಡರಿಂದಾಗಿ ಠಾಣೆ ಪಟ್ಟಿಯ ತಲೆಯಿಂದ ಜಾರಿತ್ತು. ಇನ್ಸ್‌ಪೆಕ್ಟರಿಗೆ ಮೇಲಿನಿಂದ ಕರೆ ಹೋಗಿತ್ತು. ಮುಂದಿನ ವಾರ ಅದೇ ಹುಡುಗಿ ಇನ್ನೊಮ್ಮೆ ಫೋನ್ ಮಾಡುತ್ತಾಳೆ. ಅಷ್ಟರಲ್ಲಿ ಎರಡು ಏರಬೇಕು.

"ನನ್ನ ಮಗಳೂ ನಿಮ್ಮ ಕ್ಲಾಸಲ್ಲೇ ಇರೋದು ಸರ್. ನಿಮ್ಮ ಹೆಸರು ಹೇಳಿದ್ರೆ ತಟ್ಟೆ ಬಿಟ್ಟು ಏಳ್ತಾಳೆ. ಅವಳ ಕಷ್ಟ ನಂಗೆ ಈಗ ಅರ್ಥ ಆಯ್ತು."

"ಮರುಪರೀಕ್ಷೆಗೆ ಓದ್ಕೊಂಡು ಬನ್ನಿ," ಎಂದರು ಇವರು.

ಠಾಣೆಯವರು ಓದತೊಡಗಿದರು. ಸಂಜೆ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದು ಚಹಾ ಕುಡಿದು ಕುಶಲ ವಿಚಾರಿಸಿ ಹೋದರು. ಗೇಟು ಸಿಗುವವರೆಗೆ ಮನೆಗೆ ರಕ್ಷಣೆ ಬೇಕು ಎಂದು ಪೇದೆಯನ್ನು ಗೇಟಿನ ಜಾಗದಲ್ಲೇ ನಿಲ್ಲಿಸಿದರು. ಯಾರಾದರೂ ಬಂದರೆ ಅವನು ಪಕ್ಕಕ್ಕೆ ಸರಿಯುತ್ತಿದ್ದ, ಅವರು ಒಳಹೋದ ಮೇಲೆ ಮತ್ತೆ ನಡುವೆ ನಿಲ್ಲುತ್ತಿದ್ದ. ಹಳೆಯ ಗೇಟಿನಂತೆ ಕಿರುಗುಡುವುದೊಂದೇ ಬಾಕಿ.

ಬೀದಿಗೆ ಇದು ಬೇರೆಯೇ ಕಂಡಿತು. ಮನೆಯ ಮುಂದೆ ಪೊಲೀಸು ಇದ್ದಾನೆ ಎಂದರೆ ಒಳಗಿರುವವನು ಕಳ್ಳನಿರಬೇಕು ಇಲ್ಲವೇ ಮಂತ್ರಿಯಿರಬೇಕು. ನನ್ನ ಗಂಡ ಎರಡೂ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು; ಆದರೂ ಮೊದಲನೆಯದಕ್ಕೆ ಹೆಚ್ಚು ಮತ ಬಿತ್ತು. ಸಮವಸ್ತ್ರದ ಅಳತೆ ಕೊಡಲು ಬರುವ ತಾಯಂದಿರು ಬರುವುದು ನಿಲ್ಲಿಸಿದರು. ಪ್ರಶ್ನೆಪತ್ರಿಕೆ ಮಾರಿದ್ದಾರಂತೆ ಎಂದು ಒಬ್ಬರು, ಇಲ್ಲ, ಪ್ರಶ್ನೆಪತ್ರಿಕೆ ಮಾರಲಾರರು, ಮಾರಿದ್ದರೆ ಅದರಲ್ಲೂ ಅರ್ಧ ಪುಟ ಹರಿದುಕೊಂಡು ಕೊಡುತ್ತಿದ್ದರು ಎಂದು ಇನ್ನೊಬ್ಬರು.

ಸುದ್ದಿ ಮೂರು ಬಸ್ಸು ಬದಲಿಸಿ ನನ್ನ ತಮ್ಮನ ಊರು ಮುಟ್ಟಿತು. ಅವನು ಒಂದು ಹಾಸಿಗೆ ಸುರುಳಿ, ಟವೆಲು, ಹಲ್ಲುಜ್ಜುವ ಬ್ರಷ್ಷಿನ ಸಮೇತ ಬಂದಿಳಿದ. ಗೇಟಿನ ಜಾಗದಲ್ಲಿ ಪೇದೆಯನ್ನು ನೋಡಿ ಸುರುಳಿಯ ಮೇಲೇ ಕೂತ.

"ಅಕ್ಕಾ, ಭಾವನ್ನ ಯಾವ ಲಾಕಪ್ಪಲ್ಲಿಟ್ಟಿದಾರೆ?"

"ಒಳಗೆ ಪೇಪರ್ ಓದ್ತಿದಾರೆ."

"ಇಲ್ಲೇ ಇಟ್ಟಿದಾರಾ?" ಎಂದ. ಆಮೇಲೆ ದನಿ ತಗ್ಗಿಸಿ, "ಏನು ಮಾಡಿದ್ರು?"

"ಎರಡು ಕೊಟ್ರು."

ತಮ್ಮ ಬಹಳ ಹೊತ್ತು ಯೋಚಿಸಿದ. "ಲಕ್ಷವಾ?"

ಪೂರ್ತಿ ಹೇಳಿದೆ. ಅವನಿಗೆ ಸಮಾಧಾನವಾಗುವ ಬದಲು ಹೆದರಿಕೆ ಹೆಚ್ಚಾಯಿತು. "ಪೊಲೀಸರಿಗೆ ಹತ್ತಕ್ಕೆ ಎರಡಾ? ಭಾವ, ನೀವು ಸ್ವಲ್ಪ ಮಲಗಿ ಎದ್ದು, ಹತ್ತಕ್ಕೆ ಹನ್ನೊಂದು ಅಂತ ಹೇಳ್ಬಿಡಿ. ಕೈಮುಗಿದು ಕೇಳ್ಕೋತೀನಿ."

ಮರುದಿನ ಗೇಟು ಬಂತು. ನಾಲ್ಕು ಜನ ಹೊತ್ತು ತಂದರು. ಕೆಂಪು ಬಣ್ಣ, ನಮ್ಮದಕ್ಕಿಂತ ಒಂದು ಮೊಳ ಅಗಲ. ಕಂಬದ ನಡುವೆ ಕೂರದೆ ಓರೆಯಾಗಿ ನಿಂತಿತು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ನಿಂತು ಅದರ ಬೆನ್ನು ತಟ್ಟಿದರು.

"ಇದು ನಮ್ಮದಲ್ಲ," ಎಂದರು ಇವರು.

"ಗೇಟು ಅಂದ್ರೆ ಗೇಟು ಅಲ್ವಾ ಮೇಷ್ಟ್ರೆ. ಹಳೇದಕ್ಕಿಂತ ದೊಡ್ಡದು ಬೇರೆ."

"ಪಕ್ಕದ ಹುಡುಗನ ಪೇಪರಿನಿಂದ ಎತ್ತಿದ ಉತ್ತರ ಇದು. ಇದಕ್ಕೆ ಮೈನಸ್ ಇದೆ."

ಪಕ್ಕದ ಹುಡುಗ ಯಾರು ಎಂಬುದು ಮಧ್ಯಾಹ್ನವೇ ಗೊತ್ತಾಯಿತು. ಹಿಂದಿನ ಬೀದಿಯ ಔಷಧಿ ಅಂಗಡಿಯವರು ನಮ್ಮ ಮನೆಯ ಮುಂದೆ ಬಂದು ನಿಂತರು. ಗೇಟನ್ನು ನೋಡಿದರು. ಪೇದೆಯನ್ನು ನೋಡಿದರು.

"ನಿಮ್ಮದಾ?" ಎಂದು ಕೇಳಿದೆ.

"ಛೆ ಛೆ, ಇಲ್ಲಮ್ಮ. ನಮ್ಮದು ಬೇರೆ. ನಮ್ಮದು ಇದ್ದದ್ದು... ಇದೇ ಥರ ಬೇರೆ." ಕೈಯಿಟ್ಟು ಅದರ ಚಿಲಕವನ್ನು ಸವರಿದರು. "ಚಿಲಕಕ್ಕೆ ಆಗಾಗ ಎಣ್ಣೆ ಬಿಡಿ. ಇಲ್ಲಾಂದ್ರೆ ಹಿಡ್ಕೊಳ್ಳುತ್ತೆ. ನೋಡಿದ್ರೆ ಹಾಗನ್ಸುತ್ತೆ, ಅಷ್ಟೆ." ಅಂದಿನಿಂದ ದಿನಾ ಸಂಜೆ ಬಂದು, ಪೇದೆಗೆ ನಮಸ್ಕಾರ ಹಾಕಿ, ಗೇಟನ್ನು ನೋಡಿಕೊಂಡು ಹೋಗುತ್ತಿದ್ದರು. ಹಾಸ್ಟೆಲಿಗೆ ಸೇರಿಸಿದ ಮಗುವನ್ನು ನೋಡಲು ಬಂದಂತೆ.

ಈ ಗಲಾಟೆಯಲ್ಲಿ ನಾನು ಲಂಗಗಳನ್ನು ಮರೆತಿರಲಿಲ್ಲ. ಶಾಲೆ ಶುರುವಾಗುವ ಹೊತ್ತಾಗಿತ್ತು. ಇಸ್ತ್ರಿಯಾಕೆ ದಿನವೂ ಠಾಣೆಯ ಬೆಂಚಿಗೆ ಹೋಗಿ, ಬರುವಾಗ ನಮ್ಮ ಮನೆಯಲ್ಲಿ ನೀರು ಕುಡಿದು ಹೋಗುತ್ತಿದ್ದಳು. ಅವತ್ತು ಬಂದವಳು ಮೆಟ್ಟಿಲ ಮೇಲೆ ಕೂತು ಓರೆ ಗೇಟನ್ನು ನೋಡಿದಳು.

"ನಿಮಗೆ ಕೇಳದೇ ಇರೋ ಗೇಟೂ ಬರುತ್ತೆ ಅಕ್ಕಾ. ನಂಗೆ ಕೇಳಿದ್ದೂ ಬರಲ್ಲ. ಇವತ್ತು ಏನಂದ್ರು ಗೊತ್ತಾ? ಗಾಡಿ ಎತ್ತಿದ್ದನ್ನ ಬರೆದಿಲ್ಲವಂತೆ. ಬರೀದೇ ಇರೋದನ್ನ ವಾಪಸ್ ಕೊಡೋದು ಹೇಗೆ ಅಂತ ನನ್ನೇ ಕೇಳ್ತಾರೆ."

"ನಿಂಗೂ ಆ ಹುಡುಗಿ ಫೋನ್ ಮಾಡ್ಲಿಲ್ವಾ?"

"ದೂರೇ ಬರೆದಿಲ್ಲ. ಫೋನ್ ಯಾರು ಮಾಡ್ತಾರೆ?"

ನಾನು ಒಳಗೆ ಹೋದೆ. ಇವರು ಮರುಪರೀಕ್ಷೆಗೆ ಅಂಕಗಳ ಹಂಚಿಕೆ ಮಾಡುತ್ತಿದ್ದರು.

"ರೀ, ನಲವತ್ತು ಮಕ್ಕಳ ಕ್ಲಾಸಲ್ಲಿ ಒಬ್ಬನಿಗೆ ಮಾತ್ರ ಪ್ರಶ್ನೆಪತ್ರಿಕೆ ಕೊಟ್ಟು, ಉಳಿದವರನ್ನ ಬಾಗಿಲಾಚೆ ನಿಲ್ಸಿದ್ರೆ ಏನಂತೀರಿ?"

"ಆ ಪರೀಕ್ಷೇನೇ ರದ್ದು," ಎಂದರು, ತಲೆ ಎತ್ತದೆ.

"ಹಾಗಾದ್ರೆ ಹೊರಗೆ ಬನ್ನಿ. ಮೆಟ್ಟಿಲ ಮೇಲೆ ಒಬ್ಬಳು ಕೂತಿದ್ದಾಳೆ."

ಹೊರಗೆ ಬಂದು ಪೂರ್ತಿ ಕೇಳಿಸಿಕೊಂಡರು. ಮೊದಲು "ಇದು ನನ್ನ ಪಠ್ಯದಲ್ಲಿಲ್ಲ" ಎಂದರು. ಆಮೇಲೆ ಅಂಕ ಹಂಚಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಪೇದೆಗೆ, "ನಿಮ್ಮ ಸಾಹೇಬರನ್ನ ಕರೀರಿ," ಎಂದರು.

ಇನ್ಸ್‌ಪೆಕ್ಟರ್ ಬಂದರು. ಹಿಂದೆಯೇ ಬೀದಿಯೂ ಬಂತು, ಆದರೆ ದೂರದಲ್ಲಿ, ಏನೋ ಬೇರೆ ಕೆಲಸಕ್ಕೆ ನಿಂತವರಂತೆ. ಔಷಧಿ ಅಂಗಡಿಯವರು ತಮ್ಮ ಸಂಜೆಯ ಭೇಟಿಗೆ ಬಂದಿದ್ದರು.

"ಈಕೆಯ ದೂರು ಬರ್ಕೊಳ್ಳಿ," ಎಂದರು ಇವರು.

ಇನ್ಸ್‌ಪೆಕ್ಟರ್ ನಕ್ಕರು. "ಅದು ದೂರಲ್ಲ ಮೇಷ್ಟ್ರೆ. ನಮ್ಮ ಲಾರಿಯೇ ಗಾಡಿ ಎತ್ತಿತು ಅನ್ನೋದಕ್ಕೆ ಯಾರಿದ್ದಾರೆ ನೋಡಿದವರು?" ಬೀದಿಯ ಕಡೆ ಒಮ್ಮೆ ಕಣ್ಣಾಡಿಸಿದರು. ನಿಂತವರೆಲ್ಲ ಆಕಾಶ ನೋಡಿದರು. "ನಿಮ್ಮ ಗೇಟಿನ ವಿಷಯಾನೂ ನಾನು ಯೋಚನೆ ಮಾಡ್ತಿದ್ದೆ. ದೂರು ಕೊಡೋವಾಗ ನಿಮ್ಮ ಕೈಯೇ ಹಸಿರಾಗಿತ್ತಂತೆ. ಮಾಲೀಕರೇ ಗೇಟನ್ನ ಗುಜರಿಗೆ ಹಾಕಿ ಸುಳ್ಳು ದೂರು ಕೊಟ್ಟಿದ್ದಾರೆ ಅಂತ ನಾಳೆ ಯಾರಾದ್ರೂ ಬರೆದ್ರೆ ನನಗೆ ಬೇಜಾರಾಗುತ್ತೆ."

ನಗುತ್ತಲೇ ಹೇಳಿದರು. ನನ್ನ ತಮ್ಮ ಒಳಗೆ ಹೋಗಿ ಹಾಸಿಗೆ ಸುರುಳಿಯನ್ನು ತಂದು ಬಾಗಿಲಲ್ಲಿಟ್ಟ.

ನನ್ನ ಗಂಡ ಜೇಬಿನ ಹಾಳೆ ತೆಗೆದು ಬಿಡಿಸಿದರು. ಹೇಳಿದ್ದು ಇಷ್ಟು: "ಇಷ್ಟು ದಿನ ತನಿಖೆ ಸೊನ್ನೆ ಮಾತ್ರ ಇತ್ತು. ಈಗ ಮೌಲ್ಯಮಾಪಕರಿಗೆ ಬೆದರಿಕೆ ಸೇರ್ತು. ಇದು ಡಿಬಾರ್."

"ಬರ್ಕೊಳ್ಳಿ," ಎಂದೆ ನಾನು. ನಾನು ಮಾತಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. "ಆ ಗಾಡೀಲಿ ನನ್ನ ಲಂಗಾನೂ ಇದಾವೆ. ಅವಳದು ಬರೀದಿದ್ರೆ ನಂದು ಬರ್ಕೊಳ್ಳಿ."

ಆಗ ಎದುರುಮನೆಯ ಬಾಗಿಲು ತೆರೆಯಿತು. ಅಜ್ಜಿ ಕೋಲೂರಿಕೊಂಡು ರಸ್ತೆ ದಾಟಿದರು. ಆ ಕಿಟಕಿ ಬಿಟ್ಟು ಅಜ್ಜಿ ಕೆಳಗಿಳಿದದ್ದನ್ನು ಬೀದಿ ನೋಡಿ ಬಹಳ ಕಾಲವಾಗಿತ್ತು.

"ನಾನು ನೋಡಿದೀನಪ್ಪ," ಎಂದರು ಇನ್ಸ್‌ಪೆಕ್ಟರಿಗೆ. "ನಿಮ್ಮದೇ ಲಾರಿ. ಮೊದಲು ಇವಳ ಗಾಡಿ ಹತ್ತಿಸಿದ್ರು. ಆಮೇಲೆ ಮುಂದೆ ಬಂದು, ರಸ್ತೆಗೆ ಅಡ್ಡ ಇದೆ ಅಂತ ಆ ಹಸಿರು ಗೇಟನ್ನೂ ಹತ್ತಿಸಿದ್ರು." ಕೋಲಿನ ತುದಿ ಮೆಲ್ಲಗೆ ತಿರುಗಿ ತೆಳ್ಳನೆಯ ಪೇದೆಯ ಹೊಟ್ಟೆಗೆ ಗುರಿಯಿಟ್ಟಿತು. "ಇವನೇ ಹಿಡ್ಕೊಂಡಿದ್ದು. ಹಿಡ್ಕೊಂಡು, ಥೂ ಅಂತ ಕೈ ನೋಡ್ಕೊಂಡ."

ಬೀದಿ ಆಕಾಶ ನೋಡುವುದನ್ನು ನಿಲ್ಲಿಸಿತು.

"ಅಜ್ಜಿ," ಎಂದರು ನನ್ನ ಗಂಡ, "ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಪೊಲೀಸಿನವರು ಎತ್ತಿದ್ದನ್ನ ನೋಡ್ದೆ ಅಂತ ಯಾರಿಗೆ ಹೇಳ್ಲಪ್ಪ, ಪೊಲೀಸಿನವರಿಗಾ?"

ಇನ್ಸ್‌ಪೆಕ್ಟರ್ ಪೇದೆಯ ಕಡೆ ತಿರುಗಿದರು. ಪೇದೆ ತನ್ನ ತೋಳಂಚನ್ನು ನೋಡಿಕೊಳ್ಳುತ್ತಿದ್ದ.

"ನಿಂಗೆ ಗೊತ್ತಿತ್ತೇನೋ?"

"ಮೇಷ್ಟ್ರು ಹಸಿರು ಕೈ ಅಂದಾಗಲೇ ಗೊತ್ತಾಯ್ತು ಸರ್. ಎರಡು ಬಾಟ್ಲಿ ಸೀಮೆಎಣ್ಣೆ ಮುಗಿಸ್ದೆ, ಹೋಗ್ಲಿಲ್ಲ."

"ಮತ್ತೆ ಹೇಳೋದಕ್ಕೇನು?"

"ಹೇಳಿದ್ರೆ, ಬರೀದೆ ಯಾಕೆ ಎತ್ತಿದ್ದು ಅಂತ ಬರುತ್ತೆ ಸರ್. ಎಲ್ಲಾ ಎತ್ತಿ, ಬರೆಯೋದು ಆಮೇಲೆ ನೋಡೋಣ ಅಂತ ನೀವೇ ಅಂದಿದ್ರಿ. ಅದಕ್ಕಿಂತ ಬೇರೆ ಗೇಟು ತರೋದೇ ಸುಲಭ ಅನ್ನಿಸ್ತು."

ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡರು. "ಹಾಗಿದ್ರೆ... ಈ ಕೆಂಪು ಗೇಟು ನಂದು. ಸುಮ್ನೆ ಹೇಳ್ದೆ, ಅಷ್ಟೆ. ನಿಧಾನಕ್ಕೆ ಕೊಡಿ, ಅವಸರ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಇವತ್ತು ಕೊಟ್ರೂ ಆಗುತ್ತೆ," ಎಂದರು.

ದೂರನ್ನು ನನ್ನ ಹೊಲಿಗೆ ಯಂತ್ರದ ಮೇಲೆಯೇ ಬರೆಯಲಾಯಿತು. ಪೇದೆ ಬರೆದ, ದುಂಡನೆಯ ಅಕ್ಷರದಲ್ಲಿ. ಇಸ್ತ್ರಿಯಾಕೆ ಪ್ರತಿ ಸಾಲನ್ನೂ ಓದಿಸಿ ಕೇಳಿದಳು. ಕೊನೆಗೆ ಅವಳಿಗೂ ಒಂದು ಸಂಖ್ಯೆ ಬಂತು, ಅದರ ಪಕ್ಕ ಅವಳ ಫೋನ್ ಸಂಖ್ಯೆ.

ಆಮೇಲೆ ಎಲ್ಲರೂ ಠಾಣೆಯ ಹಿತ್ತಿಲಿಗೆ ಹೋದೆವು. ಮುರಿದ ಬೆಂಚು, ಹಣ್ಣಿನ ಬುಟ್ಟಿ, ಚಕ್ರವಿಲ್ಲದ ಸೈಕಲ್ಲು, ಇವುಗಳ ನಡುವೆ ಇಸ್ತ್ರಿ ಗಾಡಿ ಒಂದು ಕಡೆಗೆ ವಾಲಿ ನಿಂತಿತ್ತು. ಅದರಡಿ ನಮ್ಮ ಗೇಟು. ಒಣಗುವ ಮುನ್ನವೇ ಒಂದರ ಮೇಲೊಂದು ಬಿದ್ದದ್ದರಿಂದ ಎರಡೂ ಅಂಟಿಕೊಂಡಿದ್ದವು. 'ಮುಟ್ಟಬಾರದು' ಎಂಬ ರಟ್ಟು ಹಾಗೇ ನೇತಾಡುತ್ತಿತ್ತು. ಅದರ ಎರಡು ಪಕ್ಕಕ್ಕೂ ಒಂದೊಂದು ಅಂಗೈ ಅಚ್ಚು ಸ್ಪಷ್ಟವಾಗಿ ಮೂಡಿತ್ತು, ಸಹಿ ಹಾಕಿದಂತೆ. ಲಂಗಗಳು ಗಾಡಿಯ ಗೂಡಿನಲ್ಲಿದ್ದವು. ಇಸ್ತ್ರಿ ಪೆಟ್ಟಿಗೆ ಮಾತ್ರ ಇರಲಿಲ್ಲ.

"ಗಾಡಿ ಸಿಕ್ತಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. "ಪೆಟ್ಟಿಗೆ ಎಲ್ಲೋ ಇರುತ್ತೆ, ನೋಡೋಣ."

"ನೋಡಿ ಸಾಹೇಬ್ರೆ," ಎಂದಳು ಇಸ್ತ್ರಿಯಾಕೆ.

ಮುಂದಿನ ವಾರ ಮೊದಲು ನಮ್ಮ ಮನೆಗೆ ಫೋನ್ ಬಂತು. ನನ್ನ ಗಂಡ ಹೇಳಿದರು: "ವಸ್ತು ಸಿಕ್ಕಿದೆ. ಕಳ್ಳನೂ ಸಿಕ್ಕಿದ್ದಾನೆ. ಸಿಕ್ಕಿದ ರೀತಿ ತಪ್ಪು, ಆದರೆ ಉತ್ತರ ಸರಿ. ನಾಲ್ಕೂವರೆ." ಹುಡುಗಿ, ಅರ್ಧ ಬರೋದಿಲ್ಲ ಸರ್, ಎಂದಳು. ಮೇಲಧಿಕಾರಿಗಳ ಗಮನಕ್ಕೆ ತರುವುದಾಗಿ ಅವಳಿಂದ ಮಾತು ತೆಗೆದುಕೊಂಡು ನಾಲ್ಕಕ್ಕೆ ಇಳಿದರು.

ಸಂಜೆ ಬೀದಿಯ ಮೂಲೆಯಲ್ಲಿ ಇಸ್ತ್ರಿಯಾಕೆಯ ಫೋನು ಬಡಿದುಕೊಂಡಿತು. ಗಾಡಿ ಮೊದಲಿನ ಜಾಗದಲ್ಲೇ ನಿಂತಿತ್ತು. ಅವಳು ಯಾರದ್ದೋ ಹಳೆಯ ಪೆಟ್ಟಿಗೆ ಕೇಳಿ ತಂದು ಕೆಲಸ ನಡೆಸುತ್ತಿದ್ದಳು. ಅದಕ್ಕೆ ಹಿಡಿ ಸಡಿಲ, ಬಟ್ಟೆ ಸುತ್ತಿ ಹಿಡಿಯಬೇಕಿತ್ತು. ಪೇದೆ ಪಕ್ಕದಲ್ಲೇ ಇದ್ದ. ಇನ್ಸ್‌ಪೆಕ್ಟರ್ ಜೀಪಿನಲ್ಲಿ ಕೂತು, ಬೇರೆ ಕಡೆ ನೋಡುತ್ತ, ಕಿವಿಯನ್ನು ಮಾತ್ರ ಇಲ್ಲಿ ಬಿಟ್ಟಿದ್ದರು. ಬೀದಿ ಈ ಸಲ ಹತ್ತಿರದಲ್ಲೇ ನಿಂತಿತ್ತು. ಅವಳ ಕೈಯಲ್ಲಿ ಕೆಂಡದ ಪೆಟ್ಟಿಗೆ, ಹಾಗಾಗಿ ಫೋನನ್ನು ನಾನು ಹಿಡಿದು, ಎಲ್ಲರಿಗೂ ಕೇಳುವಂತೆ ಒತ್ತಿದೆ.

"ಹತ್ತಕ್ಕೆ ಎಷ್ಟು ಕೊಡ್ತೀರಮ್ಮ?" ಎಂದಳು ಹುಡುಗಿ.

ಇಸ್ತ್ರಿಯಾಕೆ ನನ್ನ ಗಂಡನ ಕಡೆ ನೋಡಿದಳು. ಇವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೌಲ್ಯಮಾಪಕರ ಮೇಲೆ ಪ್ರಭಾವ ಬೀರಬಾರದು ಎಂದು ಕಣ್ಣನ್ನೂ ಮುಚ್ಚಿಕೊಂಡರು.

"ಕೊಡೋದು ಇರ್ಲಿ ತಾಯಿ," ಎಂದಳು ಅವಳು. "ನನ್ನ ಇಸ್ತ್ರಿ ಪೆಟ್ಟಿಗೆ ಇನ್ನೂ ಬಂದಿಲ್ಲ. ಬಂದ ಮೇಲೆ ಮಾಡು."

"ಈಗ ಒಂದು ಸಂಖ್ಯೆ ಹೇಳಿದ್ರೆ..."

"ಈಗ ಇಲ್ಲ. ನಾನಿನ್ನೂ ನೋಡ್ತಿದೀನಿ." ಎಂದವಳೇ ಲಂಗದ ನೆರಿಗೆಯ ಮೇಲೆ ಪೆಟ್ಟಿಗೆ ಎಳೆದಳು.

ನನ್ನ ಗಂಡ ಕಣ್ಣು ತೆರೆದರು. ಅವರ ಮುಖದ ಮೇಲೆ ನಾನು ಅಷ್ಟು ಗೌರವವನ್ನು ಹಿಂದೆ ನೋಡಿರಲಿಲ್ಲ. "ಫಲಿತಾಂಶ ತಡೆಹಿಡಿಯಲಾಗಿದೆ," ಎಂದು ಪಿಸುಗುಟ್ಟಿದರು.

ಮರುದಿನ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಜೀಪಿನಲ್ಲಿ ಬಂತು, ಇನ್ಸ್‌ಪೆಕ್ಟರ ತೊಡೆಯ ಮೇಲೆ ಕೂತು. ಎಲ್ಲಿತ್ತು ಎಂದು ಯಾರೂ ಹೇಳಲಿಲ್ಲ. ಅವರ ಅಂಗಿಯ ಇಸ್ತ್ರಿ ಮಾತ್ರ ಅಂದಿನಿಂದ ಮೊದಲಿನಷ್ಟು ಗರಿಗರಿಯಾಗಿರಲಿಲ್ಲ.

ಅದರ ನಂತರವೂ ಹುಡುಗಿ ಫೋನ್ ಮಾಡುತ್ತಾಳೆ. ಇಸ್ತ್ರಿಯಾಕೆ ಇನ್ನೂ ಹೇಳಿಲ್ಲ. ಒಮ್ಮೆ ಗಾಡಿಯ ಚಕ್ರ ಸರಿಯಾಗಲಿ ಎಂದಳು, ಚಕ್ರ ಸರಿಯಾಯಿತು. ಹಿತ್ತಿಲಲ್ಲಿದ್ದ ಹಣ್ಣಿನವನ ಬುಟ್ಟಿ ಏನಾಯಿತು ಎಂದಳು, ಬುಟ್ಟಿ ಅವನಿಗೆ ಹೋಗಿ ಸೇರಿತು. ಲಾರಿ ಬರುವ ಮುಂಚೆ ಪೇದೆ ಈಗ ಬಂದು ಹೇಳಿ, ಬರೆದುಕೊಂಡು ಹೋಗುತ್ತಾನೆ. ಹೋಗುವಾಗ ಕೇಳುತ್ತಾನೆ: "ಅಮ್ಮಾ, ಫೋನ್ ಬಂತಾ?" ಅವಳದು ಅದೇ ಉತ್ತರ: "ನೋಡ್ತಿದೀನಪ್ಪ." ಔಷಧಿ ಅಂಗಡಿಯವರ ಗೇಟು ಅವರ ಮನೆಗೆ ಹೋಯಿತು, ಅಭ್ಯಾಸವಾಗಿ ಅವರು ಈಗಲೂ ಸಂಜೆ ಇತ್ತ ಬಂದು ನಮ್ಮದನ್ನು ನೋಡಿ ಹೋಗುತ್ತಾರೆ.

ನಮ್ಮ ಗೇಟನ್ನು ಮತ್ತೆ ಬಳಿಯಲು ಇವರು ಒಪ್ಪಲಿಲ್ಲ. ಎರಡು ಅಂಗೈ ಅಚ್ಚೂ ಹಾಗೇ ಇವೆ. ಅದು ಸಾಕ್ಷ್ಯವಂತೆ. ಕಿರುಗುಡುತ್ತದೆ. ಹೋಗುವಾಗ ಇವರು ತಿರುಗಿ ಎಳೆದು ಚಿಲಕ ಹಾಕಿದರೆ, ಈಗ ಶಬ್ದವೂ ಬರುತ್ತದೆ.

ಒಂದು ದಿನ ಇವರು ಊಟಕ್ಕೆ ಕೂತರು. ಎಂದಿನ ಆರೂವರೆ ಬರಲಿಲ್ಲ. ಆಮೇಲೆ ತಟ್ಟೆ ನೋಡುತ್ತಲೇ ಕೇಳಿದರು.

"ಅಲ್ವೇ, ನಾನೇ ಎಲ್ಲರಿಗೂ ಕೊಡ್ತಾ ಬಂದೆ. ನೀನು ನಂಗೆ ಕೊಡೋದಾದ್ರೆ, ಹತ್ತಕ್ಕೆ ಎಷ್ಟು ಕೊಡ್ತೀಯ?"

ನಾನು ಅವರಿಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ.

"ನೋಡ್ತಿದೀನಿ," ಎಂದೆ.